ಬುರ್ಖಾ ಮತ್ತು ಬಸ್ ಪಾಸ್

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ ಚೌಡಾಪುರ ಬರುತ್ತದೆ. ದೇವಲ ಗಾಣಗಾಪುರದ ದತ್ತಾತ್ರೇಯ ಕ್ಷೇತ್ರಕ್ಕೆ ಹೋಗುವವರು ಇಲ್ಲಿ ತಿರುಗಬೇಕು. ಹಾಗಾಗಿ ಊರು ಚಿಕ್ಕದಾದರೂ ಬಸ್ಸು ನಿಲ್ಲುವ ಜಾಗದಲ್ಲಿ ಜನ ಇದ್ದೇ ಇರುತ್ತಾರೆ. ಒಂದು ಗುರುವಾರ ಬೆಳಿಗ್ಗೆ ನಾವು ಅಲ್ಲಿ ಬಸ್ಸು ಕಾಯುತ್ತಿದ್ದೆವು. ಗಾಣಗಾಪುರಕ್ಕೆ ಹೊರಟ ಮರಾಠಿ ಅಜ್ಜಿಯರು ಒಂಬತ್ತು ಗಜದ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದಿದ್ದರು. ಪಕ್ಕದ ಹಳ್ಳಿಯ ಲಿಂಗಾಯತ ಮುದುಕಿಯೊಬ್ಬರು ಇಳಕಲ್ ಸೀರೆಯ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಕಟ್ಟೆಯ ಮೇಲೆ ಕುಳಿತಿದ್ದರು. ತಾಂಡಾದಿಂದ ಬಂದ ಇಬ್ಬರು ಲಂಬಾಣಿ ಹೆಂಗಸರ ತಲೆಯ ಮೇಲೆ ಕನ್ನಡಿ ಚೂರು ಹೊಲಿದ ಹೊದಿಕೆ ಬಿಸಿಲಿಗೆ ಮಿನುಗುತ್ತಿತ್ತು. ಇವರೆಲ್ಲರ ನಡುವೆ ಕಪ್ಪು ಬುರ್ಖಾ ತೊಟ್ಟ ಒಬ್ಬ ಹುಡುಗಿ ನೋಟ್ಸ್ ಪುಸ್ತಕ ತಿರುವುತ್ತಾ ನಿಂತಿದ್ದಳು. ಬರಿದಲೆಯ ಹೆಣ್ಣುಮಗಳು ಆ ಹೊತ್ತಿಗೆ ಅಲ್ಲಿ ಒಬ್ಬಳೂ ಇರಲಿಲ್ಲ.

"ಎಲ್ಲಿಗಿ ಹೊಂಟಿ ತಂಗಿ?" ಎಂದು ಕಟ್ಟೆಯ ಮೇಲಿನ ಮುದುಕಿ ಕೇಳಿದರು.

"ಕಾಲೇಜಿಗಿ ಹೊಂಟೀನ್ರಿ ಆಯಿ. ಇವತ್ತ ಪರೀಕ್ಷಾ ಅದ."

"ಚೊಲೊ ಬರಿ ನಮ್ಮವ್ವಾ."

ಇಷ್ಟೇ ಮಾತು. ಆ ಹುಡುಗಿಯ ತಲೆಯ ಮೇಲೇನಿದೆ ಎಂಬುದು ಮುದುಕಿಗೆ ಕೇಳುವ ವಿಷಯವೇ ಆಗಿರಲಿಲ್ಲ. ಆದರೆ ಇದೇ ಜಾಗದಲ್ಲಿ ಪಾಶ್ಚಾತ್ಯ ಪತ್ರಿಕೆಯೊಂದರ ಛಾಯಾಗ್ರಾಹಕ ಬಂದು ನಿಂತಿದ್ದರೆ ಅವನ ಕ್ಯಾಮೆರಾ ಯಾರ ಕಡೆಗೆ ತಿರುಗುತ್ತಿತ್ತು? ಲಂಬಾಣಿ ಹೆಂಗಸರ ಚಿತ್ರ ತೆಗೆದು ಅದನ್ನು ವರ್ಣರಂಜಿತ ಸಂಸ್ಕೃತಿ ಎನ್ನುತ್ತಿದ್ದ. ಮರಾಠಿ ಅಜ್ಜಿಯದು ಭಕ್ತಿ. ಬುರ್ಖಾದ ಹುಡುಗಿಯದು ಮಾತ್ರ ದಬ್ಬಾಳಿಕೆ. ಹೊದ್ದವರು ಎಲ್ಲರೂ, ಸೆರೆಯಾಳು ಒಬ್ಬಳೇ!

ಈ ನೋಟ ಮೊನ್ನೆ ಮೊನ್ನೆ ಹುಟ್ಟಿದ್ದಲ್ಲ. ಬ್ರಿಟಿಷರ ಪ್ರತಿನಿಧಿಯಾಗಿ 1883ರಿಂದ 1907ರವರೆಗೆ ಈಜಿಪ್ಟನ್ನು ಆಳಿದ ಲಾರ್ಡ್ ಕ್ರೋಮರ್, ಆ ದೇಶ ಹಿಂದುಳಿಯಲು ಅಲ್ಲಿನ ಹೆಂಗಸರ ಪರ್ದಾವೇ ದೊಡ್ಡ ಕಾರಣವೆಂದು ಬರೆದಿದ್ದಾನೆ. ಹೆಣ್ಣಿನ ಮೇಲೆ ಎಷ್ಟೊಂದು ಕಾಳಜಿ ಎನಿಸಬಹುದು. ಆದರೆ ಇದೇ ಮಹಾಶಯ ಈಜಿಪ್ಟಿನಲ್ಲಿ ಶಾಲಾ ಶುಲ್ಕ ಏರಿಸಿ ಬಡವರ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಕಲಿಕೆಯ ದಾರಿಯನ್ನು ಇನ್ನಷ್ಟು ಕಿರಿದು ಮಾಡಿದ. ಇಂಗ್ಲೆಂಡಿಗೆ ಮರಳಿದ ಮೇಲೆ, ಮಹಿಳೆಯರಿಗೆ ಮತದಾನದ ಹಕ್ಕು ಕೊಡಬಾರದೆಂದು ಹೋರಾಡಿದ ಸಂಘಕ್ಕೆ ಅಧ್ಯಕ್ಷನಾದ. ಕೈರೋದ ಹೆಣ್ಣಿಗೆ ವಿಮೋಚನೆ ಬೇಕು, ಲಂಡನ್ನಿನ ಹೆಣ್ಣಿಗೆ ಓಟು ಬೇಡ! ಈ ಇಬ್ಬಂದಿತನವನ್ನು 1992ರಲ್ಲಿ ತಮ್ಮ ಗ್ರಂಥದಲ್ಲಿ ಬಿಡಿಸಿಟ್ಟವರು ಲೈಲಾ ಅಹ್ಮದ್. ಅವರು ಈಜಿಪ್ಟಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ವಿದ್ವಾಂಸೆ. ಪಶ್ಚಿಮವೆಂದರೆ ಕ್ರೋಮರ್ ಮಾತ್ರ ಎಂದು ನಾವು ಹೇಳುವುದಿಲ್ಲ. ಪಶ್ಚಿಮದ ನೋಟವನ್ನು ಕಟುವಾಗಿ ಪ್ರಶ್ನಿಸಿದ ಲೀಲಾ ಅಬು ಲುಘೋದ್, ಜೋನ್ ಸ್ಕಾಟ್ ಮುಂತಾದವರು ಪಶ್ಚಿಮದ ವಿಶ್ವವಿದ್ಯಾನಿಲಯಗಳಲ್ಲೇ ಇದ್ದವರು. ಆದರೆ ಮಾರುಕಟ್ಟೆಯಲ್ಲಿ ಹೆಚ್ಚು ಓಡಿದ್ದು ಕ್ರೋಮರನ ನಾಣ್ಯವೇ.

ಫ್ರೆಂಚರು ಅಲ್ಜೀರಿಯಾದಲ್ಲಿ ಮಾಡಿದ್ದನ್ನು ನೋಡಿ. ಅಲ್ಲಿನ ಹೆಂಗಸರ ಅರೆನಗ್ನ ಚಿತ್ರಗಳನ್ನು ಸ್ಟುಡಿಯೋದಲ್ಲಿ ತೆಗೆದು ಅಂಚೆ ಕಾರ್ಡುಗಳಾಗಿ ಮಾರಿದರು. ಪರ್ದಾದೊಳಗಿನ ಹೆಣ್ಣು ಬೀದಿಯಲ್ಲಿ ಕಾಣಸಿಗದಿದ್ದಾಗ ದುಡ್ಡು ಕೊಟ್ಟು ರೂಪದರ್ಶಿಗಳನ್ನು ಕೂರಿಸಿ ಚಿತ್ರ ತೆಗೆದದ್ದೂ ಉಂಟು. ಮುಂದೆ 1958ರ ಮೇ ತಿಂಗಳಲ್ಲಿ, ಸ್ವಾತಂತ್ರ್ಯ ಹೋರಾಟ ಕಾವೇರಿದ್ದಾಗ, ಅಲ್ಜಿಯರ್ಸ್ ನಗರದಲ್ಲಿ ಸೈನ್ಯದ ಮೇಲ್ವಿಚಾರಣೆಯಲ್ಲೇ ಸಾರ್ವಜನಿಕವಾಗಿ ಹೆಂಗಸರ ಮುಸುಕು ತೆಗೆಸುವ ಸಮಾರಂಭಗಳು ನಡೆದವು. ಅಲ್ಲಿ ಕ್ಯಾಮೆರಾಗಳೂ ಇದ್ದವು. ಈ ಚಿತ್ರವನ್ನು ಓದುಗರು ಸ್ವಲ್ಪ ಹೊತ್ತು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ವಿನಂತಿ. ಏಕೆಂದರೆ ಇದೇ ದೃಶ್ಯವನ್ನು ನಾವು ನಮ್ಮ ಕರ್ನಾಟಕದಲ್ಲಿ ಮತ್ತೆ ನೋಡಲಿದ್ದೇವೆ.

ಅಫ್ಘಾನ್ ಹುಡುಗಿಯ ಹಸಿರು ಕಣ್ಣಿನ ಆ ಪ್ರಸಿದ್ಧ ಚಿತ್ರವನ್ನು ನೋಡದವರಾರು? 1984ರಲ್ಲಿ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ತೆಗೆದ ಚಿತ್ರ 1985ರ ಜೂನ್‌ನಲ್ಲಿ ಅಮೆರಿಕದ 'ನ್ಯಾಷನಲ್ ಜಿಯಾಗ್ರಫಿಕ್' ಮಾಸಿಕದ ಮುಖಪುಟಕ್ಕೆ ಬಂತು. ಜಗತ್ತಿನ ಗೋಡೆಗಳ ಮೇಲೆಲ್ಲ ಆ ಮುಖ ತೂಗಿತು. ಆದರೆ ಅವಳ ಹೆಸರು ಶರಬತ್ ಗುಲಾ ಎಂದು ಜಗತ್ತಿಗೆ ತಿಳಿದದ್ದು 2002ರಲ್ಲಿ! ಹದಿನೇಳು ವರ್ಷ ಜಗತ್ತು ಅವಳ ಕಣ್ಣನ್ನು ನೋಡಿತು, ಹೆಸರು ಕೇಳಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ, 2001ರ ನವೆಂಬರ್ 17ರಂದು, ಅಮೆರಿಕದ ಅಧ್ಯಕ್ಷರ ಪತ್ನಿ ಲಾರಾ ಬುಷ್ ರೇಡಿಯೋ ಭಾಷಣ ಮಾಡಿ, ಭಯೋತ್ಪಾದನೆಯ ವಿರುದ್ಧದ ಹೋರಾಟ ಅಫ್ಘಾನ್ ಮಹಿಳೆಯರ ಹಕ್ಕಿನ ಹೋರಾಟವೂ ಹೌದು ಎಂಬರ್ಥದಲ್ಲಿ ಮಾತನಾಡಿದ್ದರು. ಇಪ್ಪತ್ತು ವರ್ಷಗಳ ನಂತರ, 2021ರ ಆಗಸ್ಟ್‌ನಲ್ಲಿ ಆ ಸೈನ್ಯ ಹೊರಟುಹೋಯಿತು. ತಾಲಿಬಾನಿಗಳು ಬಂದು ಹೆಣ್ಣುಮಕ್ಕಳ ಪ್ರೌಢಶಾಲೆಗಳಿಗೆ ಬೀಗ ಹಾಕಿದರು. ಮಹಿಳೆಯ ಹೆಸರಿನಲ್ಲಿ ಯುದ್ಧ ಮಾಡಿದವರೂ ಮಹಿಳೆಯ ಹೆಸರಿನಲ್ಲಿ ಬೀಗ ಹಾಕಿದವರೂ ಅವಳನ್ನು ಒಂದು ಮಾತು ಕೇಳಲಿಲ್ಲ.

ಇದೆಲ್ಲ ದೂರದೇಶದ ಕಥೆ, ಚೌಡಾಪುರಕ್ಕೇನು ಸಂಬಂಧ ಎಂದು ಯಾರಾದರೂ ಕೇಳಬಹುದು. ಸಂಬಂಧವಿದೆ. ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಲ್ಲಿ ಆರಂಭವಾದ ತಕರಾರು 2022ರ ಫೆಬ್ರವರಿ 5ರ ಸರಕಾರಿ ಆದೇಶವಾಗಿ ಇಡೀ ರಾಜ್ಯವನ್ನು ಆವರಿಸಿತು. ಅದೇ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆ ಆದೇಶವನ್ನು ಎತ್ತಿಹಿಡಿಯಿತು. ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ, ಸಮವಸ್ತ್ರದ ನಿಯಮ ಸಮಂಜಸ ನಿರ್ಬಂಧವೇ ಆಗಿದೆ ಎಂಬುದು ತೀರ್ಪಿನ ತಿರುಳು. ತೀರ್ಪನ್ನು ಗೌರವಿಸಿಯೇ ಅದನ್ನು ವಿಮರ್ಶೆ ಮಾಡಬಹುದು. ನಮಗೆ ವಿಸ್ಮಯವಾದದ್ದು ಅದರ ಆರಂಭ. ಉಡುಪಿಯ ಹುಡುಗಿಯರ ಅರ್ಜಿಯನ್ನು ಇತ್ಯರ್ಥಪಡಿಸುವ ಆ ತೀರ್ಪು ಉಡುಪಿಯಿಂದ ಆರಂಭವಾಗುವುದಿಲ್ಲ, ಅಮೆರಿಕದ ಇಲಿನಾಯ್ ರಾಜ್ಯದ ಸೆಂಟ್ರೇಲಿಯಾ ಎಂಬ ಊರಿನ ಸಾರಾ ಸ್ಲಿನಿಂಗರ್ ಎಂಬುವರ 2013ರ ಲೇಖನದ ಉಲ್ಲೇಖದಿಂದ ಆರಂಭವಾಗುತ್ತದೆ. ಹಿಜಾಬಿನ ಇತಿಹಾಸ ಜಟಿಲವಾದದ್ದು, ಕೆಲವರು ಒತ್ತಡದಿಂದ ಧರಿಸುತ್ತಾರೆ, ಕೆಲವರು ಇಷ್ಟದಿಂದ ಎಂಬುದು ಆ ಲೇಖನದ ಮಾತು. ಮಾತಿನಲ್ಲಿ ತಪ್ಪಿಲ್ಲ. ಆದರೆ ನಮ್ಮ ಹುಡುಗಿ ಏಕೆ ಧರಿಸುತ್ತಾಳೆ ಎಂದು ತಿಳಿಯಲು ಸೆಂಟ್ರೇಲಿಯಾದವರೆಗೆ ಹೋಗಬೇಕಿತ್ತೇ? ಅರ್ಜಿದಾರ ಹುಡುಗಿಯರು ನ್ಯಾಯಾಲಯದ ಬಾಗಿಲಲ್ಲೇ ನಿಂತಿದ್ದರಲ್ಲ.

ಕಾಕತಾಳೀಯವೆಂದರೆ, ಫ್ರಾನ್ಸ್ ತನ್ನ ಸರಕಾರಿ ಶಾಲೆಗಳಲ್ಲಿ ಎದ್ದುಕಾಣುವ ಧಾರ್ಮಿಕ ಚಿಹ್ನೆಗಳನ್ನು ನಿಷೇಧಿಸಿದ ಕಾನೂನಿನ ದಿನಾಂಕವೂ ಮಾರ್ಚ್ 15, ವರ್ಷ 2004. ಆ ಕಾನೂನಿನಡಿ ಸಿಖ್ ಬಾಲಕರೂ ಪೇಟದ ಕಾರಣಕ್ಕೆ ಶಾಲೆ ಬಿಡಬೇಕಾಯಿತು. 2023ರಲ್ಲಿ ಉದ್ದನೆಯ ಸಡಿಲ ನಿಲುವಂಗಿಗೂ ಅಲ್ಲಿ ನಿಷೇಧ ಬಂತು. ತಲೆಯಿಂದ ಆರಂಭವಾದದ್ದು ಪಾದಕ್ಕೆ ಮುಟ್ಟಿತು.

ಮೂಗುಬಟ್ಟಿನ ವಿಷಯವನ್ನೂ ಇಲ್ಲಿ ಹೇಳಬೇಕು. ದಕ್ಷಿಣ ಆಫ್ರಿಕಾದ ಡರ್ಬನ್ ನಗರದ ಶಾಲೆಯೊಂದರಲ್ಲಿ ದಕ್ಷಿಣ ಭಾರತ ಮೂಲದ ಹಿಂದೂ ಹುಡುಗಿಯೊಬ್ಬಳು ಮೂಗುಬಟ್ಟು ಧರಿಸಿದ್ದಕ್ಕೆ ಆಕ್ಷೇಪ ಬಂದಿತ್ತು. ಅಲ್ಲಿನ ಸಂವಿಧಾನ ನ್ಯಾಯಾಲಯ 2007ರಲ್ಲಿ ಹುಡುಗಿಯ ಪರವಾಗಿ ತೀರ್ಪು ನೀಡಿತು. ಅರ್ಜಿದಾರರ ವಕೀಲರು ಇದನ್ನು ಮುಂದಿಟ್ಟಾಗ ನಮ್ಮ ಹೈಕೋರ್ಟು, ಮೂಗುಬಟ್ಟು ಕಣ್ಣಿಗೆ ಅಷ್ಟಾಗಿ ಕಾಣದ ಚಿಕ್ಕ ಆಭರಣ, ಹಿಜಾಬಿಗೆ ಅದನ್ನು ಹೋಲಿಸಲಾಗದು ಎಂಬರ್ಥದ ಮಾತು ಹೇಳಿ ಬದಿಗಿಟ್ಟಿತು. ಹಕ್ಕನ್ನು ಅಳತೆಪಟ್ಟಿ ಹಿಡಿದು ಅಳೆಯಬೇಕೇ? ಚೌಡಾಪುರದ ಬಸ್ಸಿನಲ್ಲಿ ಕುಳಿತ ಮರಾಠಿ ಅಜ್ಜಿಯ ನತ್ತು ನೋಡಿದ್ದರೆ ನ್ಯಾಯಾಲಯ ಏನೆನ್ನುತ್ತಿತ್ತೋ!

ಈಗ ಅಲ್ಜಿಯರ್ಸಿನ ಚಿತ್ರಕ್ಕೆ ಬರೋಣ. ಮಧ್ಯಂತರ ಆದೇಶದ ನಂತರ 2022ರ ಫೆಬ್ರವರಿಯಲ್ಲಿ ಶಾಲಾ ಕಾಲೇಜುಗಳು ಮತ್ತೆ ತೆರೆದಾಗ ಗೇಟಿನ ಮುಂದೆಯೇ ವಿದ್ಯಾರ್ಥಿನಿಯರ, ಕೆಲವೆಡೆ ಶಿಕ್ಷಕಿಯರ ಬುರ್ಖಾ, ಹಿಜಾಬ್ ತೆಗೆಸಿದ ದೃಶ್ಯಗಳನ್ನು ಟಿ.ವಿ. ವಾಹಿನಿಗಳು ತೋರಿಸಿದವು. ತಂದೆಯರು ಕೈಮುಗಿದು ನಿಂತಿದ್ದರು. ಕ್ಯಾಮೆರಾಗಳು ಹುಡುಗಿಯರ ಬೆನ್ನು ಹತ್ತಿದ್ದವು. ಸೈನ್ಯವೊಂದು ಇರಲಿಲ್ಲ, ಅಷ್ಟೇ ವ್ಯತ್ಯಾಸ. ಇತ್ತ ಕಲಬುರಗಿಯಲ್ಲಿ ಉತ್ತರ ಕ್ಷೇತ್ರದ ಶಾಸಕಿ ಕನೀಜ್ ಫಾತಿಮಾ, ತಾವು ವಿಧಾನಸಭೆಯಲ್ಲೇ ಹಿಜಾಬ್ ಧರಿಸಿ ಕೂರುವುದನ್ನು ಎತ್ತಿ ಹೇಳಿ ಪ್ರತಿಭಟನೆಗೆ ಇಳಿದಿದ್ದರು. ಶಾಸನ ಮಾಡುವ ಸಭೆಗೆ ಅಡ್ಡಿಯಾಗದ ಬಟ್ಟೆ ತರಗತಿಗೆ ಅಡ್ಡಿಯಾದದ್ದು ಹೇಗೆ ಎಂಬ ಪ್ರಶ್ನೆಗೆ ಯಾರೂ ನೇರ ಉತ್ತರ ಕೊಡಲಿಲ್ಲ.

ಮಂಡ್ಯದ ಕಾಲೇಜಿನ ಆವರಣದಲ್ಲಿ ಕೇಸರಿ ಶಾಲಿನ ಹುಡುಗರ ಗುಂಪಿನ ನಡುವೆ ಒಂಟಿಯಾಗಿ ನಡೆದ ವಿದ್ಯಾರ್ಥಿನಿಯ ದೃಶ್ಯ ಜಗತ್ತನ್ನೇ ಸುತ್ತಿತು. ಆಗ ಎಲ್ಲರಿಗೂ ಅವಳು ಬೇಕಾದಳು. ಮಲಾಲಾ ಯೂಸುಫ್‌ಝಾಯಿ ಹಿಜಾಬಿಗಾಗಿ ಹೆಣ್ಣುಮಕ್ಕಳನ್ನು ಶಾಲೆಗೆ ಬಿಡದಿರುವುದರ ಬಗ್ಗೆ ಕಳವಳ ವ್ಯಕ್ತಪಡಿಸಿದರು. ಅಲ್‌ಕಾಯಿದಾ ಮುಖ್ಯಸ್ಥನೂ ವೀಡಿಯೋ ಮಾಡಿ ಹೊಗಳಿದ. ಆ ಹೊಗಳಿಕೆ ನಮಗೆ ಬೇಡವೆಂದು ಹುಡುಗಿಯ ತಂದೆಯೇ ಹೇಳಬೇಕಾಯಿತು. ಕಾಲೇಜಿಗೆ ಅಸೈನ್‌ಮೆಂಟ್ ಕೊಡಲು ಹೋದ ಹುಡುಗಿಯೊಬ್ಬಳು ಒಂದೇ ದಿನದಲ್ಲಿ ಹೀಗೆ ಎಲ್ಲರ ಧ್ವಜವಾದಳು.

ಈ ಗದ್ದಲದಲ್ಲಿ ಕಳೆದುಹೋದ ಒಂದು ಸಾಮಾನ್ಯ ಸಂಗತಿಯನ್ನು ಹೇಳಲೆಂದೇ ನಾವು ಚೌಡಾಪುರದಿಂದ ಆರಂಭಿಸಿದ್ದು. ಪಶ್ಚಿಮದವರು, ಅವರನ್ನು ಅನುಸರಿಸುವ ನಮ್ಮ ಪ್ರಗತಿಪರರು ಬುರ್ಖಾವನ್ನು ಪುರಾತನ ಕಾಲದ ಪಳೆಯುಳಿಕೆ ಎನ್ನುತ್ತಾರೆ. ನಮ್ಮ ಧಾರ್ಮಿಕ ಭಾಷಣಕಾರರೂ ಅದನ್ನು ತಲೆತಲಾಂತರದ ಸಂಪ್ರದಾಯ ಎನ್ನುತ್ತಾರೆ. ಇಬ್ಬರೂ ನಮ್ಮ ಹಳ್ಳಿಗಳನ್ನು ನೋಡಿಲ್ಲ. ನಿಜಾಮರ ಕಾಲದಲ್ಲಿ ಗೋಷಾ ಎಂಬುದು ದೊಡ್ಡ ಮನೆತನಗಳ ಮಾತಾಗಿತ್ತು. ತೊಗರಿ ಹೊಲದಲ್ಲಿ ಕಳೆ ತೆಗೆಯುವ, ರಾಶಿ ಮಾಡುವ ಬಡ ಮುಸ್ಲಿಮ್ ಹೆಂಗಸಿಗೆ ಗೋಷಾ ಎಲ್ಲಿಂದ ಬರಬೇಕು? ನಮ್ಮ ಅಜ್ಜಿಯರು ಸೀರೆ ಉಟ್ಟು, ಪಕ್ಕದ ಮನೆಯ ಗೌಡಶಾನಿಯ ಹಾಗೆಯೇ ತಲೆಯ ಮೇಲೆ ಸೆರಗು ಹೊದ್ದವರು. ಈ ಸಿದ್ಧ ಉಡುಪಿನ ಕಪ್ಪು ಬುರ್ಖಾ ನಮ್ಮ ಕಣ್ಣೆದುರೇ, ಈ ಮೂರ್ನಾಲ್ಕು ದಶಕಗಳಲ್ಲಿ, ಹೈದರಾಬಾದಿನ ಅಂಗಡಿಗಳಿಂದ, ಗಲ್ಫಿಗೆ ಹೋದವರ ಪೆಟ್ಟಿಗೆಗಳಿಂದ ಬಂತು. ಅದು ಬಂದ ಕಾಲದಲ್ಲೇ ಇನ್ನೊಂದೂ ಬಂತು, ವಿದ್ಯಾರ್ಥಿಗಳ ಬಸ್ ಪಾಸ್.

ನಮ್ಮ ಅಜ್ಜಿ ಬುರ್ಖಾ ತೊಡಲಿಲ್ಲ, ನಿಜ. ಆದರೆ ಊರ ಗಡಿ ದಾಟಿದ್ದು ಮದುವೆಗೆ, ಮೌತಿಗೆ, ಖಾಜಾ ಬಂದೇನವಾಜರ ಉರುಸಿಗೆ. ಸಹಿ ಮಾಡಲೂ ಬರುತ್ತಿರಲಿಲ್ಲ. ಮೊಮ್ಮಗಳು ಬುರ್ಖಾ ತೊಟ್ಟಿದ್ದಾಳೆ. ಆದರೆ ದಿನಾಲು ಬಸ್ಸು ಹತ್ತಿ ಪಟ್ಟಣಕ್ಕೆ ಹೋಗುತ್ತಾಳೆ, ರಸಾಯನಶಾಸ್ತ್ರ ಓದುತ್ತಾಳೆ, ಸಂಜೆ ಏಳಕ್ಕೆ ಮರಳುತ್ತಾಳೆ. ಹಾಗಾದರೆ ಆ ಬಟ್ಟೆಯೇ ವಿಮೋಚನೆಯೇ? ಅಷ್ಟು ಸರಳವಾಗಿ ಹೇಳಿ ಕೈತೊಳೆದುಕೊಳ್ಳಲು ನಮಗೆ ಮನಸ್ಸಿಲ್ಲ. ಎಷ್ಟೋ ಮನೆಗಳಲ್ಲಿ ಅದು ಹೊಸ್ತಿಲಲ್ಲಿ ಕೊಡುವ ಸುಂಕ. "ಹೋಗು, ಆದ್ರ ಬುರ್ಖಾ ಹಾಕ್ಕೊಂಡು ಹೋಗು" ಎಂದು ಅಣ್ಣ ಹೇಳಿರುತ್ತಾನೆ. ಇನ್ನು ಕೆಲವರಿಗೆ ಅದು ಅಲ್ಲಾಹನ ಆಜ್ಞೆ, ಯಾರ ಒತ್ತಾಯವೂ ಇಲ್ಲದೆ ಮನಸಾರೆ ಒಪ್ಪಿದ್ದು. ಇನ್ನು ಕೆಲವರಿಗೆ ಬಸ್ಸಿನಲ್ಲಿ ಮೈಮೇಲೆ ಬೀಳುವವರಿಂದ ಸಿಗುವ ಒಂದಿಷ್ಟು ರಕ್ಷಣೆ. ಒಬ್ಬಳೇ ಹುಡುಗಿಯಲ್ಲಿ ಈ ಮೂರೂ ಇರಬಹುದು, ಅವಳೇ ಬಿಡಿಸಿ ಹೇಳಲಾರಳು. ಅವಳಿಗೆ ಗೊತ್ತಿರುವುದು ಇಷ್ಟು: ಈ ಬಟ್ಟೆ ತೊಟ್ಟರೆ ಮನೆಯ ಬಾಗಿಲು ತೆರೆಯುತ್ತದೆ. 2022ರಲ್ಲಿ ಆದದ್ದು, ಇದೇ ಬಟ್ಟೆ ತೊಟ್ಟರೆ ಕಾಲೇಜಿನ ಬಾಗಿಲು ಮುಚ್ಚುತ್ತದೆ ಎಂದು ಅವಳಿಗೆ ಹೇಳಿದ್ದು. ಒಂದು ಬಾಗಿಲಿನ ಸುಂಕವೇ ಇನ್ನೊಂದು ಬಾಗಿಲಿನ ಅಪರಾಧವಾಯಿತು.

2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟಿನ ತೀರ್ಪನ್ನು ಒಪ್ಪಿದರು. ನ್ಯಾಯಮೂರ್ತಿ ಸುಧಾಂಶು ಧುಲಿಯಾ ಒಪ್ಪಲಿಲ್ಲ. ವಿಷಯ ವಿಸ್ತೃತ ಪೀಠದ ಕಡೆಗೆ ಹೋಯಿತು. ಧುಲಿಯಾ ಅವರ ತೀರ್ಪಿನಲ್ಲಿ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಕಾನೂನಿನ ವಾದಕ್ಕಿಂತ, ಶಾಲೆಗೆ ಹೊರಡುವ ಮುನ್ನ ಮನೆಗೆಲಸ ಮುಗಿಸಬೇಕಾದ ಹಳ್ಳಿಯ ಹೆಣ್ಣುಮಗುವಿನ ಪ್ರಸ್ತಾಪ. ಅವಳಿಗೆ ಶಾಲೆ ತಲುಪುವುದೇ ಕಷ್ಟವಾಗಿರುವಾಗ ನಾವು ಅವಳ ಬದುಕನ್ನು ಸುಲಭ ಮಾಡುತ್ತಿದ್ದೇವೆಯೇ ಎಂದು ಅವರು ಕೇಳಿದರು. ಇಡೀ ಪ್ರಕರಣದಲ್ಲಿ ಬಸ್ಸನ್ನು ಕಂಡ ನ್ಯಾಯಾಧೀಶರು ಇವರೊಬ್ಬರೇ ಎನ್ನಬೇಕು.

ಆದರೆ ಅಷ್ಟರಲ್ಲಿ ನಷ್ಟ ಆಗಿಹೋಗಿತ್ತು. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಮಂಗಳೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಸರಕಾರಿ ಮತ್ತು ಅನುದಾನಿತ ಕಾಲೇಜುಗಳ ಸುಮಾರು 900 ಮುಸ್ಲಿಮ್ ವಿದ್ಯಾರ್ಥಿನಿಯರಲ್ಲಿ 145 ಮಂದಿ ವರ್ಗಾವಣೆ ಪತ್ರ ಪಡೆದು ಹೊರನಡೆದರೆಂದು 2022ರ ಆಗಸ್ಟ್‌ನಲ್ಲಿ ಪತ್ರಿಕೆಗಳು ವರದಿ ಮಾಡಿದವು. ಅವರಲ್ಲಿ ಕೆಲವರು ಬೇರೆ ಕಾಲೇಜು ಸೇರಿರಬಹುದು. ಎರಡನೆಯ ಕಾಲೇಜಿಗೆ ಶುಲ್ಕ ಕಟ್ಟುವ ಶಕ್ತಿ ಎಲ್ಲ ತಂದೆಯರಿಗೂ ಇರುವುದಿಲ್ಲ. ಕಾಬೂಲಿನಲ್ಲಿ ಶಾಲೆ ತೆರೆಯುವುದಾಗಿ ಹೇಳಿ ತಾಲಿಬಾನಿಗಳು ಬಾಲಕಿಯರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ್ದು 2022ರ ಮಾರ್ಚ್ 23ರಂದು, ಅಂದರೆ ನಮ್ಮ ಹೈಕೋರ್ಟಿನ ತೀರ್ಪು ಬಂದು ಎಂಟು ದಿನಕ್ಕೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಅಲ್ಲಿ ಶಾಲೆಯೇ ಇಲ್ಲ, ಇಲ್ಲಿ ಶಾಲೆಯಿದೆ, ನ್ಯಾಯಾಲಯವಿದೆ, ಭಿನ್ನ ತೀರ್ಪು ಬರೆಯುವ ನ್ಯಾಯಾಧೀಶರೂ ಇದ್ದಾರೆ. ಆದರೂ ಬಾಗಿಲಿನಿಂದ ಮರಳುವ ಹುಡುಗಿಯ ಕಣ್ಣೀರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಅದೇ ಮಾರ್ಚ್ ತಿಂಗಳಲ್ಲಿ ರಾಯಚೂರಿನ ಬುಶ್ರಾ ಮತೀನ್ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಘಟಿಕೋತ್ಸವದಲ್ಲಿ 16 ಚಿನ್ನದ ಪದಕ ಪಡೆದರು. ಸಿವಿಲ್ ಎಂಜಿನಿಯರಿಂಗ್ ಓದಿದ, ಹಿಜಾಬ್ ಧರಿಸಿದ, ನಮ್ಮ ಈ ಭಾಗದ ಹುಡುಗಿ. ಮರುವರ್ಷ, 2023ರಲ್ಲಿ, ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ 600ಕ್ಕೆ 593 ಅಂಕ ಪಡೆದು ರಾಜ್ಯಕ್ಕೆ ಮೊದಲಿಗಳಾದ ಬೆಂಗಳೂರಿನ ವಿದ್ಯಾರ್ಥಿನಿ, ಓದು ನಿಲ್ಲಬಾರದೆಂದು ಕಾಲೇಜಿನಲ್ಲಿ ಹಿಜಾಬ್ ತೆಗೆದಿಟ್ಟು ತರಗತಿಗೆ ಹೋದವಳು. ಮೊದಲನೆಯವಳ ಚಿತ್ರವನ್ನು ನಮ್ಮವರು ಹೆಮ್ಮೆಯಿಂದ ಹಂಚಿದರು. ಎರಡನೆಯವಳ ಬಗ್ಗೆ ನಮ್ಮಲ್ಲಿ ಹಲವರು ಬಾಯಿ ಬಿಡಲಿಲ್ಲ. ಅತ್ತ ಕಡೆಯವರು ಎರಡನೆಯವಳನ್ನು ಎತ್ತಿಕೊಂಡರು, ಮೊದಲನೆಯವಳನ್ನು ಮರೆತರು. ಇಬ್ಬರೂ ಬೆಳಗಿನ ಜಾವ ಎದ್ದು ಓದಿದ್ದನ್ನು ಯಾರೂ ಕೇಳಲಿಲ್ಲ.

ಇಲ್ಲಿ ನಮ್ಮ ಸಮುದಾಯದ ಕಿವಿಗೂ ಒಂದು ಮಾತು ಬೀಳಬೇಕು. ಹಿಜಾಬಿನ ಬಗ್ಗೆ ನಾವು ಕೇಳಿದ ಭಾಷಣಗಳಿಗೆ ಲೆಕ್ಕವಿಲ್ಲ. ಹೆಣ್ಣು ಚಿಪ್ಪಿನೊಳಗಿನ ಮುತ್ತು ಎಂದು ಒಬ್ಬರು. ಹೊದಿಕೆ ಇಲ್ಲದ ಮಿಠಾಯಿಗೆ ನೊಣ ಮುತ್ತುತ್ತದೆ ಎಂದು ಇನ್ನೊಬ್ಬರು. ಈ ಮಿಠಾಯಿ ಉಪಮೆ ಕೇಳಿದಾಗಲೆಲ್ಲ ನಮಗೆ ಅಲ್ಜೀರಿಯಾದ ಆ ಅಂಚೆ ಕಾರ್ಡುಗಳು ನೆನಪಾಗುತ್ತವೆ. ಒಬ್ಬ ಹೊದಿಕೆ ಬಿಚ್ಚಿ ಮಾರಿದ, ಇನ್ನೊಬ್ಬ ಹೊದಿಕೆ ಹಾಕಿ ಕಾಯುತ್ತಾನೆ. ಇಬ್ಬರ ಕಣ್ಣಿನಲ್ಲೂ ಅವಳು ತಿನ್ನುವ ವಸ್ತುವೇ. ಪವಿತ್ರ ಕುರ್‌ಆನಿನ 'ಅನ್ನೂರ್' ಅಧ್ಯಾಯದಲ್ಲಿ ಸ್ತ್ರೀಯರ ಉಡುಪಿನ ಮಾತು ಬರುವುದಕ್ಕೆ ಮೊದಲು, ದೃಷ್ಟಿಯನ್ನು ತಗ್ಗಿಸಿರೆಂಬ ಆಜ್ಞೆ ಪುರುಷರಿಗೆ ಬಂದಿದೆ. ನಮ್ಮ ಭಾಷಣಗಳು ಆ ಸೂಕ್ತವನ್ನು ಹಾರಿ ಮುಂದಿನದಕ್ಕೆ ಹೋಗುವುದೇಕೆ? ನಾವು ಭಾಗವಹಿಸಿದ ಸಭೆಯೊಂದರಲ್ಲಿ ಎರಡು ಗಂಟೆ ಹಿಜಾಬಿನ ಮಹತ್ವದ ಚರ್ಚೆಯಾಯಿತು. ಕಾಲೇಜು ಬಿಟ್ಟ ಹುಡುಗಿಯರು ಮನೆಯಲ್ಲಿ ಏನು ಮಾಡುತ್ತಿದ್ದಾರೆ, ಮುಂದಿನ ವರ್ಷದ ಶುಲ್ಕಕ್ಕೆ ಏನು ದಾರಿ ಎಂದು ಹಿಂದಿನ ಸಾಲಿನಲ್ಲಿದ್ದ ತಾಯಿಯೊಬ್ಬರು ಕೇಳಿದಾಗ ನಮಾಝಿನ ಹೊತ್ತಾಯಿತೆಂದು ಸಭೆ ಮುಗಿಸಲಾಯಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಇರಾನಿನಲ್ಲಿ ಹಿಜಾಬ್ ಸರಿಯಾಗಿ ಧರಿಸಲಿಲ್ಲವೆಂದು ಪೊಲೀಸರು ಹಿಡಿದೊಯ್ದ ಮಹ್ಸಾ ಅಮೀನಿ ಎಂಬ ಯುವತಿ ಬದುಕಿ ಬರಲಿಲ್ಲ. ಉಡುಪಿಗಾಗಿ ಕೂಗಿದ ನಮ್ಮ ಗಂಟಲು ತೆಹರಾನಿಗಾಗಿ ಏಕೆ ಒಣಗಿತು?

ಈ ಪ್ರಶ್ನೆಗಳನ್ನು ನಮಗಿಂತ ಮೊದಲೇ, ನಮಗಿಂತ ಗಟ್ಟಿಯಾಗಿ ಕೇಳಿದವರು ಕನ್ನಡದ ಮುಸ್ಲಿಮ್ ಲೇಖಕಿಯರು. ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಇಬ್ಬರೂ ಅದಕ್ಕಾಗಿ ಸಮುದಾಯದ ಸಿಟ್ಟನ್ನು ಎದುರಿಸಿದರು. ಬಾನು ಅವರ ಹನ್ನೆರಡು ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್' ಸಂಕಲನಕ್ಕೆ 2025ರ ಮೇ 20ರಂದು ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ನಮಗೆ ಸಂತೋಷದ ಜೊತೆಗೆ ಒಂದು ಅಳುಕೂ ಇತ್ತು. ಮುತವಲ್ಲಿಯನ್ನು, ಗಂಡನನ್ನು ಹಾಸನದ ಓಣಿಯಲ್ಲಿ ನಿಂತು ಬೈದ ಈ ಕಥೆಗಳನ್ನು ಪಶ್ಚಿಮದ ಓದುಗ ಕ್ರೋಮರನ ಕನ್ನಡಕದಲ್ಲೇ ಓದಿದರೆ? ಮನೆಯೊಳಗಿನ ಜಗಳ ಬೀದಿಯವನ ಸಾಕ್ಷಿಯಾದರೆ? ಆದರೆ ಭಾಸ್ತಿಯವರು ಒಂದು ಒಳ್ಳೆಯ ಕೆಲಸ ಮಾಡಿದ್ದಾರೆ. ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಓರೆ ಅಕ್ಷರದಲ್ಲಿ ಅಚ್ಚು ಮಾಡಿಸಿಲ್ಲ, ಅಡಿಟಿಪ್ಪಣಿ ಕೊಟ್ಟಿಲ್ಲ. ಸೆರಗೆಂದರೇನು ಎಂದು ಲಂಡನ್ನಿನವನಿಗೆ ವಿವರಿಸುತ್ತಾ ಕೂರಲಿಲ್ಲ. ಬೇಕಿದ್ದರೆ ಅವನೇ ಹತ್ತಿರ ಬರಲಿ. ಆ ಕಥೆಗಳ ಹೆಂಗಸರು ಕೋಪಿಸಿಕೊಳ್ಳುತ್ತಾರೆ, ಹಟ ಮಾಡುತ್ತಾರೆ, ಸುಳ್ಳು ಹೇಳುತ್ತಾರೆ, ದೇವರನ್ನೇ ಪ್ರಶ್ನಿಸುತ್ತಾರೆ. ಓದಿ ಮುಗಿಸಿದ ಮೇಲೆ ಯಾರ ತಲೆಯ ಮೇಲೆ ಏನಿತ್ತು ಎಂಬುದು ನಮಗೆ ನೆನಪಿನಲ್ಲಿ ಉಳಿಯಲಿಲ್ಲ.

ಅಂದು ಚೌಡಾಪುರದಲ್ಲಿ ಬಸ್ಸು ಬರುವಾಗ ಹೊತ್ತಾಗಿತ್ತು. ಧೂಳೆಬ್ಬಿಸುತ್ತಾ ಒಂದು ಬಸ್ಸು ಬಂದು ನಿಂತಾಗ ಮರಾಠಿ ಅಜ್ಜಿಯರೆಲ್ಲ ಗಂಟು ಎತ್ತಿಕೊಂಡು ಓಡಿದರು. ಕಟ್ಟೆಯ ಮೇಲಿನ ಮುದುಕಿ ಮಾತ್ರ ಏಳಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿ, ಬುರ್ಖಾದ ಹುಡುಗಿಯನ್ನು ಕರೆದರು.

"ತಂಗಿ, ಅದ್ರ ಬೋರ್ಡ್ ಏನದ ಓದವ್ವಾ. ನನಗ ಓದಾಕ ಬರಂಗಿಲ್ಲ."

ಹುಡುಗಿ ಪುಸ್ತಕ ಮಡಚಿ ತಲೆಯೆತ್ತಿ ನೋಡಿದಳು. "ಇದು ಅಫಜಲಪುರದ್ದು ಅದರಿ ಆಯಿ, ಗಾಣಗಾಪುರದ್ದಲ್ಲ. ನಿಮ್ಮದು ಹಿಂದ ಬರ್ತದ, ಕೂಡ್ರಿ" ಎಂದವಳೇ, ಓಡಿದ್ದ ಮರಾಠಿ ಅಜ್ಜಿಯರನ್ನು ಕೂಗಿ ಕರೆಯಲು ಬಸ್ಸಿನ ಕಡೆ ಹೋದಳು.